ಕಿಸೆಯಿಲ್ಲದ ಅಂಗಿ, ತೆರೆದ ಬಾಗಿಲು : ಪ್ರಾಚೀನ ಸಾಧಕರ ಪರಂಪರೆಯನ್ನು ಮಕ್ಕಳಿಗೆ ತಿಳಿಹೇಳುವ ಬಗೆ

2023ರ ಜನವರಿ 2, ವೈಕುಂಠ ಏಕಾದಶಿಯ ಸಂಜೆ. ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳು ದೇಹವನ್ನು ಬಿಟ್ಟರು. ಮರುದಿನ ಅವರ ಅಂತಿಮ ದರ್ಶನಕ್ಕಾಗಿ ನಗರಕ್ಕೆ ಬಂದ ಜನಸಾಗರದಲ್ಲಿ ತಿಕೋಟಾ, ಬಬಲೇಶ್ವರ ಸೀಮೆಯ ರೈತರಿದ್ದರು. ಮಕ್ಕಳನ್ನು ಕರೆದುಕೊಂಡು ಬಂದ ತಾಯಿ-ತಂದೆಯರಿದ್ದರು. ಪೂಜ್ಯರು ತಿಕೋಟಾ ಭಾಗದ ಬಿಜ್ಜರಗಿಯ ರೈತರ ಮನೆಯಲ್ಲಿ ಹುಟ್ಟಿದವರು. ಆದ್ದರಿಂದ ಆ ಸೀಮೆಯ ಜನರಿಗೆ ಅವರು ಜಗದ ಗುರುಗಳಾಗಿದ್ದಂತೆಯೇ ತಮ್ಮ ಊರಿನ ಮಗನೂ ಆಗಿದ್ದರು.

ಅಂದು ಹಿರಿಯರು ಕಣ್ಣೊರೆಸಿಕೊಳ್ಳುತ್ತಿದ್ದರೆ ಮಕ್ಕಳ ಮನಸ್ಸಿನಲ್ಲಿ ಪ್ರಶ್ನೆಗಳು ಎದ್ದಿದ್ದರೆ ಅಚ್ಚರಿಯಿಲ್ಲ. ಅಜ್ಜನವರ ಅಂಗಿಗೆ ಕಿಸೆ ಏಕೆ ಇರಲಿಲ್ಲ? 2018ರಲ್ಲಿ ಸರ್ಕಾರ ಕೊಡಮಾಡಿದ ಪದ್ಮಶ್ರೀಯನ್ನು ಏಕೆ ಒಲ್ಲೆನೆಂದರು? ತಮಗೆ ಗುಡಿಯಾಗಲಿ ಸ್ಮಾರಕವಾಗಲಿ ಬೇಡ, ದೇಹವನ್ನು ಅಗ್ನಿಗೆ ಅರ್ಪಿಸಿ ಭಸ್ಮವನ್ನು ನೀರಿನಲ್ಲಿ ಬಿಡಿರಿ ಎಂದು 2014ರ ಗುರುಪೂರ್ಣಿಮೆಯಂದೇ ಏಕೆ ಬರೆದಿಟ್ಟರು? ಇಷ್ಟೊಂದು ಜನರು ಪ್ರೀತಿಸುವವರು ಏನನ್ನೂ ಏಕೆ ಇಟ್ಟುಕೊಳ್ಳಲಿಲ್ಲ?

'ಅವರು ದೊಡ್ಡವರು, ಹಾಗೆಯೇ ಇರುತ್ತಾರೆ' ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಅದು ಉತ್ತರವಲ್ಲ. ಈ ಪ್ರಶ್ನೆಗಳಿಗೆ ಉತ್ತರವು ಒಬ್ಬ ಮಹಾತ್ಮರ ಜೀವನದಲ್ಲಿ ಮಾತ್ರವಿಲ್ಲ. ಎರಡೂವರೆ ಸಾವಿರ ವರ್ಷಗಳಿಗೂ ಮಿಗಿಲಾದ ಒಂದು ಪರಂಪರೆಯಲ್ಲಿದೆ. ಆ ಪರಂಪರೆಯನ್ನು ಮಕ್ಕಳಿಗೆ ಹೇಳುವಾಗ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಬೇಕಾಗುತ್ತದೆ. ಒಂದು, ಮನೆ ಬಿಟ್ಟು ಹೊರಟ ಸಾಧಕನ ಕಥೆ. ಮತ್ತೊಂದು, ಅವನಿಗೆ ಬಾಗಿಲು ತೆರೆದ ಮನೆಯ ಕಥೆ. ಮೊದಲನೆಯದನ್ನು ನಾಡು ಚೆನ್ನಾಗಿ ನೆನಪಿಟ್ಟುಕೊಂಡಿದೆ. ಎರಡನೆಯದನ್ನು ಮರೆತಿದೆ.

ಗಾಳಿಯ ದಾರಿಯಲ್ಲಿ ನಡೆದವರು

ಸಾಧಕರ ಅತ್ಯಂತ ಹಳೆಯ ಚಿತ್ರವೊಂದು ಋಗ್ವೇದದ ಹತ್ತನೆಯ ಮಂಡಲದ 136ನೆಯ ಸೂಕ್ತದಲ್ಲಿ ದೊರೆಯುತ್ತದೆ. ಅಲ್ಲಿ ಕಾಣುವವನು ಉದ್ದನೆಯ ಕೂದಲಿನ ಮುನಿ. ಅವನ ಬಟ್ಟೆ ಮಾಸಿದ ಕಂದು ಬಣ್ಣದ್ದು. ಅವನ ನಡೆ ಗಾಳಿಯ ದಾರಿಯಲ್ಲಿ. ರುದ್ರನೊಡನೆ ಪಾತ್ರೆಯಲ್ಲಿ ವಿಷವನ್ನು ಕುಡಿಯುವ ಮಾತೂ ಅಲ್ಲಿದೆ. ಯಜ್ಞ ಮಾಡಿ ಹಸು, ಮಳೆ, ಸಂತಾನಗಳನ್ನು ಬೇಡುತ್ತಿದ್ದ ಜನರ ನಡುವೆ, ಏನನ್ನೂ ಬೇಡದೆ ತಿರುಗುತ್ತಿದ್ದ ಇಂಥ ಮುನಿಗಳೂ ಇದ್ದರೆಂಬುದು ಇದರಿಂದ ತಿಳಿಯುತ್ತದೆ.

ಮುಂದೆ ಉಪನಿಷತ್ತುಗಳ ಕಾಲಕ್ಕೆ ಪ್ರಶ್ನೆ ಕೇಳುವವರ ಸಂಖ್ಯೆ ಹೆಚ್ಚಿತು. ಮಕ್ಕಳಿಗೆ ಮೊದಲು ಹೇಳಬೇಕಾದದ್ದು ನಚಿಕೇತನ ಕಥೆ. ಕಠೋಪನಿಷತ್ತಿನ ಈ ಬಾಲಕ ಸಾಕ್ಷಾತ್ ಯಮನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದನು. ಅತಿಥಿಯನ್ನು ಹಸಿದಿರಿಸಿದ ತಪ್ಪಿಗಾಗಿ ಯಮನು ಮೂರು ವರಗಳನ್ನು ಕೊಡಬೇಕಾಯಿತು. ಸಾವಿನ ಆಚೆಗೆ ಏನಿದೆ ಎಂದು ಬಾಲಕ ಕೇಳಿದಾಗ, ಯಮನು ಆನೆ, ಕುದುರೆ, ಬಂಗಾರ, ದೀರ್ಘಾಯುಷ್ಯಗಳ ಆಸೆ ತೋರಿಸಿದನು. ನಚಿಕೇತ ಕದಲಲಿಲ್ಲ. ತನಗೆ ಬೇಕಾದದ್ದು ಉತ್ತರವೇ ಹೊರತು ಉಡುಗೊರೆಯಲ್ಲ ಎಂದನು. ಸಾಧಕನ ಗುಣವು ಅವನ ವಯಸ್ಸಿನಲ್ಲಿಲ್ಲ, ಕೇಳುವ ಪ್ರಶ್ನೆಯಲ್ಲಿದೆ ಎಂಬುದನ್ನು ಈ ಕಥೆ ತೋರಿಸುತ್ತದೆ.

ಛಾಂದೋಗ್ಯದಲ್ಲಿ ಬರುವ ಸತ್ಯಕಾಮನಿಗೆ ತಂದೆಯ ಗೋತ್ರ ಯಾವುದೆಂದು ತಿಳಿದಿರಲಿಲ್ಲ. ತಾಯಿ ಜಬಾಲೆಗೂ ತಿಳಿದಿರಲಿಲ್ಲ. ಪರಿಚಾರಿಕೆಯಾಗಿ ದುಡಿಯುತ್ತಿದ್ದಾಗ ನಿನ್ನನ್ನು ಪಡೆದೆನೆಂದು ಆಕೆ ಇದ್ದುದನ್ನು ಇದ್ದಂತೆ ಹೇಳಿದಳು. ಮಗನೂ ಗುರುವಿನ ಮುಂದೆ ಹಾಗೆಯೇ ಹೇಳಿದನು. ಗುರು ಹಾರಿದ್ರುಮತ ಗೌತಮನು ಅವನ ಸತ್ಯವನ್ನು ಮೆಚ್ಚಿ ಶಿಷ್ಯನನ್ನಾಗಿ ಸ್ವೀಕರಿಸಿದನು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಮನೆ ಬಿಡುವ ಮುನ್ನ ಇಬ್ಬರು ಮಡದಿಯರಿಗೆ ಆಸ್ತಿಯನ್ನು ಹಂಚಲು ಮುಂದಾದನು. ಮೈತ್ರೇಯಿಯು, ಭೂಮಿಯ ತುಂಬ ಹಣವಿದ್ದರೂ ಅದರಿಂದ ಅಮೃತತ್ವ ದೊರಕುವುದೇ ಎಂದು ಕೇಳಿದಳು. ಇಲ್ಲವೆಂದಾಗ, ಹಾಗಾದರೆ ಆ ಹಣ ತನಗೇತಕ್ಕೆ ಎಂದಳು. ಜನಕನ ಸಭೆಯಲ್ಲಿ ಗಾರ್ಗಿಯು ಅದೇ ಯಾಜ್ಞವಲ್ಕ್ಯನನ್ನು ಎಲ್ಲರ ಎದುರಿನಲ್ಲಿ ಪ್ರಶ್ನಿಸಿದಳು. ಅರಿವಿನ ದಾರಿಯಲ್ಲಿ ಬಾಲಕನಿದ್ದಾನೆ, ಗೋತ್ರವಿಲ್ಲದವನಿದ್ದಾನೆ, ಹೆಣ್ಣುಮಕ್ಕಳಿದ್ದಾರೆ. ಶರಣರ ಮನೆಯ ಮಕ್ಕಳಿಗೆ ಈ ಚಿತ್ರ ಅಪರಿಚಿತವೆನಿಸದು.

ಒಬ್ಬ ಅರಸ, ಆರು ಗುರುಗಳು

ಕ್ರಿ.ಪೂ. 6 ಮತ್ತು 5ನೆಯ ಶತಮಾನಗಳಲ್ಲಿ ಗಂಗಾ ಬಯಲಿನಲ್ಲಿ ದೊಡ್ಡ ಬದಲಾವಣೆ ನಡೆಯಿತು. ಕಬ್ಬಿಣದ ಉಪಕರಣಗಳಿಂದ ಹೊಲಗದ್ದೆಗಳು ಹಬ್ಬಿದವು. ರಾಜಗೃಹ, ಶ್ರಾವಸ್ತಿ, ವೈಶಾಲಿ, ಕೌಶಾಂಬಿಗಳಂಥ ನಗರಗಳು ಬೆಳೆದವು. ಮುದ್ರೆಯೊತ್ತಿದ ಬೆಳ್ಳಿಯ ನಾಣ್ಯಗಳು ಓಡಾಡಿದವು. ಹಣವು ಕೂಡಿಡಬಹುದಾದ ವಸ್ತುವಾಯಿತು. ಅದೇ ಕಾಲದಲ್ಲಿ ಕೂಡಿಡುವುದನ್ನು ಬಿಟ್ಟು ಹೊರಟವರ ಗುಂಪುಗಳೂ ಹೆಚ್ಚಾದವು. ಜನರು ಅವರನ್ನು ಶ್ರಮಣರು ಎಂದು ಕರೆದರು. ಈ ಹೆಸರಿನೊಳಗೆ 'ಶ್ರಮ' ಎಂಬ ಮಾತಿದೆ: ತನ್ನ ಬಿಡುಗಡೆಗಾಗಿ ತಾನೇ ಶ್ರಮಿಸುವವನು ಶ್ರಮಣ. ಶ್ರವಣಬೆಳಗೊಳದ ಹೆಸರಿನಲ್ಲಿರುವುದೂ ಇದೇ ಮಾತು.

ಬೌದ್ಧರ ದೀಘನಿಕಾಯದ ಸಾಮಞ್ಞಫಲ ಸುತ್ತದಲ್ಲಿ ಮಗಧದ ಅರಸ ಅಜಾತಶತ್ರುವಿನ ಪ್ರಸಂಗವಿದೆ. ತಂದೆಯನ್ನು ಕೊಂದು ಸಿಂಹಾಸನವೇರಿದ ಅವನಿಗೆ ನೆಮ್ಮದಿಯಿರಲಿಲ್ಲ. ಹುಣ್ಣಿಮೆಯ ರಾತ್ರಿ ಅವನು ಬುದ್ಧನ ಬಳಿಗೆ ಬಂದು ಒಂದು ಸರಳ ಪ್ರಶ್ನೆ ಕೇಳಿದನು. ಕುಂಬಾರ, ಮಾಲೆಗಾರ, ಅಡುಗೆಯವ, ನೇಕಾರ ಇವರೆಲ್ಲರ ದುಡಿಮೆಗೆ ಕಣ್ಣಿಗೆ ಕಾಣುವ ಫಲವಿದೆ. ಮನೆ ಬಿಟ್ಟವನ ಬಾಳಿಗೆ ಅಂಥ ಫಲವೇನು? ಈ ಮೊದಲು ಆರು ಗುರುಗಳನ್ನು ಕೇಳಿದ್ದಾಗಿಯೂ ಅವನು ಹೇಳಿದನು.

ಆ ಆರು ಜನರ ಹೆಸರುಗಳು ಮಕ್ಕಳಿಗೆ ತಿಳಿದಿರಬೇಕು. ಪೂರಣ ಕಸ್ಸಪನು ಪಾಪಪುಣ್ಯಗಳ ಲೆಕ್ಕವನ್ನೇ ಒಪ್ಪಲಿಲ್ಲ. ಮಕ್ಖಲಿ ಗೋಸಾಲನು ಎಲ್ಲವೂ ನಿಯತಿಯಂತೆಯೇ ನಡೆಯುತ್ತದೆ, ನೂಲಿನ ಉಂಡೆ ಬಿಚ್ಚಿ ಮುಗಿಯುವವರೆಗೆ ಉರುಳುವಂತೆ ಜೀವವೂ ಉರುಳುತ್ತದೆ ಎಂದನು. ಅವನು ಆಜೀವಿಕರ ಗುರು. ಅಜಿತ ಕೇಸಕಂಬಲಿಯು ದೇಹ ಸುಟ್ಟ ಮೇಲೆ ಏನೂ ಉಳಿಯದೆಂದನು. ಕೂದಲಿನಿಂದ ನೆಯ್ದ ಕಂಬಳಿ ಹೊದೆಯುತ್ತಿದ್ದ ಕಾರಣ ಅವನಿಗೆ ಆ ಹೆಸರು. ಕುರಿಗಾರರ ಕಂಬಳಿ ಬಲ್ಲ ಬಬಲೇಶ್ವರದ ಮಕ್ಕಳು ಅದನ್ನು ಮರೆಯಲಾರರು. ಪಕುಧ ಕಚ್ಚಾಯನನು ಅಳಿವಿಲ್ಲದ ಏಳು ತತ್ತ್ವಗಳನ್ನು ಹೇಳಿದನು. ಸಂಜಯ ಬೇಲಟ್ಠಿಪುತ್ತನು ಯಾವುದನ್ನೂ ಖಚಿತವಾಗಿ ಹೇಳಲು ಒಪ್ಪಲಿಲ್ಲ. ಆರನೆಯವನು ನಿಗಂಠ ನಾಟಪುತ್ತ, ಎಂದರೆ ವರ್ಧಮಾನ ಮಹಾವೀರ.

ಒಂದೇ ಕಾಲ, ಒಂದೇ ನಾಡು, ಇಷ್ಟು ಬೇರೆ ಬೇರೆ ಉತ್ತರಗಳು. ದೇವರಿದ್ದಾನೆ ಎಂದವರು, ಇಲ್ಲವೆಂದವರು, ಗೊತ್ತಿಲ್ಲವೆಂದವರು ಎಲ್ಲರೂ ಅದೇ ದಾರಿಗಳಲ್ಲಿ ನಡೆದರು, ಅದೇ ಊರುಗಳ ಬಾಗಿಲಲ್ಲಿ ನಿಂತು ಅನ್ನ ಬೇಡಿದರು.

ಮಳೆಗಾಲದ ನಾಲ್ಕು ತಿಂಗಳು

ಮಹಾವೀರರು 30ನೆಯ ವಯಸ್ಸಿನಲ್ಲಿ ಮನೆ ಬಿಟ್ಟು, ಹನ್ನೆರಡು ವರ್ಷಕ್ಕೂ ಮಿಗಿಲಾಗಿ ಕಠೋರ ತಪಸ್ಸು ಮಾಡಿ ಕೇವಲಜ್ಞಾನ ಪಡೆದರೆಂದು ಜೈನ ಪರಂಪರೆ ಹೇಳುತ್ತದೆ. ಬುದ್ಧನು 29ನೆಯ ವಯಸ್ಸಿನಲ್ಲಿ ಹೊರಟು, ದೇಹವನ್ನು ದಂಡಿಸಿ ನೋಡಿ, ಅದು ದಾರಿಯಲ್ಲವೆಂದು ಕಂಡು, 35ನೆಯ ವಯಸ್ಸಿನಲ್ಲಿ ಬೋಧಿ ಪಡೆದನೆಂದು ಬೌದ್ಧ ಪರಂಪರೆ ಹೇಳುತ್ತದೆ. ಒಬ್ಬರದು ಕಠಿಣ ದಾರಿ, ಇನ್ನೊಬ್ಬರದು ನಡುದಾರಿ. ಆದರೆ ಇಬ್ಬರ ಶಿಷ್ಯರ ಕಡೆಗೂ ನೋಡಿದರೆ ಕಿಸೆಯ ಮಾತು ಅರ್ಥವಾಗುತ್ತದೆ. ದಿಗಂಬರ ಮುನಿಗೆ ಬಟ್ಟೆಯೇ ಇಲ್ಲ. ನವಿಲುಗರಿಯ ಪಿಂಛಿ, ಕಮಂಡಲು ಇವಷ್ಟೇ ಅವನ ಜೊತೆ. ದಿನಕ್ಕೊಮ್ಮೆ ನಿಂತುಕೊಂಡು ಬೊಗಸೆಯಲ್ಲಿಯೇ ಊಟ. ಬೌದ್ಧ ಭಿಕ್ಷುವಿಗೆ ಮೂರು ಚೀವರ, ಒಂದು ಪಾತ್ರೆ, ಸೊಂಟದ ಪಟ್ಟಿ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಬಟ್ಟೆ, ಹೀಗೆ ಎಂಟೇ ವಸ್ತುಗಳು. ನಾಳೆಗೆಂದು ಅನ್ನವನ್ನು ತೆಗೆದಿಡುವಂತಿಲ್ಲ.

ನಾಳೆಗೆ ಏನೂ ಇಲ್ಲದವನು ನಾಳೆ ಉಣ್ಣುವುದು ಹೇಗೆ? ಯಾರದೋ ಮನೆಯ ಬಾಗಿಲು ತೆರೆದರೆ ಮಾತ್ರ. ಸಾಧಕರ ಚರಿತ್ರೆಯಲ್ಲಿ ಹೆಸರು ಬರೆಯದೆ ಉಳಿದವರು ಇವರೇ: ಬೆಳಿಗ್ಗೆ ಎದ್ದು ಒಂದು ಹಿಡಿ ಹೆಚ್ಚು ಅಕ್ಕಿ ಬೇಯಿಸಿದ ಗೃಹಿಣಿಯರು, ರೈತರು, ವ್ಯಾಪಾರಿಗಳು. ಸಾಧಕನು ಅನ್ನವನ್ನು ಪಡೆದು ಅರಿವನ್ನು ಕೊಟ್ಟನು. ಮನೆಯು ಅರಿವನ್ನು ಪಡೆದು ಅನ್ನವನ್ನು ಕೊಟ್ಟಿತು.

ಮಳೆಗಾಲದ ನಿಯಮವೂ ಈ ಸಂಬಂಧದಿಂದಲೇ ಬೆಳೆಯಿತು. ಮಳೆಯಲ್ಲಿಯೂ ಭಿಕ್ಷುಗಳು ಊರೂರು ತಿರುಗಿ ಎಳೆಯ ಪೈರನ್ನೂ ಹುಲ್ಲನ್ನೂ ತುಳಿಯುತ್ತಾರೆ, ಸಣ್ಣ ಜೀವಿಗಳು ಸಾಯುತ್ತವೆ ಎಂದು ಜನರು ಆಕ್ಷೇಪಿಸಿದರೆಂದು ವಿನಯಪಿಟಕ ಹೇಳುತ್ತದೆ. ಇತರ ಪಂಥಗಳವರು ಆಗ ಒಂದೆಡೆ ನಿಲ್ಲುತ್ತಿದ್ದರೆಂಬ ಮಾತೂ ಅಲ್ಲಿದೆ. ಬುದ್ಧನು ಜನರ ಮಾತಿಗೆ ಬೆಲೆ ಕೊಟ್ಟು, ಮಳೆಗಾಲದಲ್ಲಿ ಒಂದೇ ಕಡೆ ನೆಲೆಸಬೇಕೆಂದು ವಿಧಿಸಿದನು. ಮುಂಗಾರಿನಲ್ಲಿ ಹೊಲದ ಬದುವಿನ ಮೇಲೆ ಎಚ್ಚರದಿಂದ ಹೆಜ್ಜೆಯಿಡುವ ತಿಕೋಟಾ ಸೀಮೆಯ ಮಕ್ಕಳಿಗೆ ಈ ನಿಯಮದ ಅರ್ಥವನ್ನು ಬೇರೆ ವಿವರಿಸಬೇಕಿಲ್ಲ. ಸಂಚಾರಿಗಳು ನಿಂತ ಆ ತಿಂಗಳುಗಳಲ್ಲಿ ಊರಿನವರು ಬಂದು ಉಪದೇಶ ಕೇಳಿದರು. ನಿಲ್ಲುವ ತಾಣಗಳು ಕಾಲಕ್ರಮದಲ್ಲಿ ವಿಹಾರಗಳಾದವು. ಇಂದಿಗೂ ಜೈನ ಮುನಿಗಳ ಚಾತುರ್ಮಾಸ್ಯವೂ, ಮಠಗಳಲ್ಲಿ ಶ್ರಾವಣ ಮಾಸದ ಪ್ರವಚನಗಳೂ ಮಳೆಗಾಲದ ದಿನಗಳಲ್ಲಿಯೇ ನಡೆಯುತ್ತವೆ.

ಕನ್ನಡ ನಾಡಿನ ಬಂಡೆಗಳ ಮೇಲೆ

ಈ ಸಾಧಕರು ಉತ್ತರದಲ್ಲಿಯೇ ಉಳಿಯಲಿಲ್ಲ. ಮೌರ್ಯ ಅರಸ ಅಶೋಕನ ಶಾಸನಗಳು ಕರ್ನಾಟಕದ ಹಲವೆಡೆ ದೊರೆತಿವೆ. 1915ರಲ್ಲಿ ಬೆಳಕಿಗೆ ಬಂದ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ. ಶರಣ ಪರಂಪರೆಯವರು ಮುಖ್ಯವಾಗಿ ನೆನೆಯಬೇಕಾದದ್ದು ಕೊಪ್ಪಳವನ್ನು. ಲಕ್ಷಾಂತರ ಭಕ್ತರು ಜಾತ್ರೆಗೆ ಸೇರುವ ಗವಿಮಠದ ಬೆಟ್ಟದ ಬಂಡೆಯ ಮೇಲೆಯೇ ಅಶೋಕನ ಕಿರುಶಾಸನವಿದೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಾದರೂ ಮೊದಲು ಹೆಚ್ಚು ಶ್ರಮಿಸಲಿಲ್ಲವೆಂದು ಅರಸನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಶ್ರಮದ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವನೂ ಶ್ರಮಿಸಿದರೆ ಸ್ವರ್ಗವನ್ನು ಪಡೆಯಬಲ್ಲ ಎಂಬುದು ಅದರ ಸಾರ. ಅದೇ ಕೊಪ್ಪಳವು ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವೂ ಆಗಿತ್ತು. ಒಂದೇ ಊರಿನಲ್ಲಿ ಬೌದ್ಧ ಅರಸನ ಮಾತು, ಜೈನ ಮುನಿಗಳ ನೆನಪು, ಶರಣರ ಮಠ ಕೂಡಿವೆ.

ಕಲಬುರಗಿ ಜಿಲ್ಲೆಯ ಸನ್ನತಿಯು ಭೀಮಾ ತೀರದ ಊರು. ಇದೇ ಭೀಮೆ ವಿಜಯಪುರ ಜಿಲ್ಲೆಯ ಅಂಚಿನಲ್ಲಿಯೂ ಹರಿಯುತ್ತದೆ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಡು ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸಿತು. ಅದರಲ್ಲಿ ಹನ್ನೆರಡನೆಯ ಬಂಡೆ ಶಾಸನವೂ ಸೇರಿದೆ. ತನ್ನ ಮತವನ್ನು ಅತಿಯಾಗಿ ಹೊಗಳಿ ಇತರರ ಮತವನ್ನು ತೆಗಳುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ, ಆದ್ದರಿಂದ ನಾಲಗೆಯ ಮೇಲೆ ಹಿಡಿತವಿರಲಿ, ಒಬ್ಬರ ಧರ್ಮವನ್ನು ಮತ್ತೊಬ್ಬರು ಕೇಳಲಿ ಎಂಬುದು ಆ ಶಾಸನದ ತಿರುಳು.

ಚಂದ್ರಗುಪ್ತ ಮೌರ್ಯನು ರಾಜ್ಯವನ್ನು ತ್ಯಜಿಸಿ ಭದ್ರಬಾಹು ಮುನಿಗಳ ಶಿಷ್ಯನಾಗಿ ಶ್ರವಣಬೆಳಗೊಳದಲ್ಲಿ ತಪಸ್ಸು ಮಾಡಿದನೆಂದು ಜೈನ ಪರಂಪರೆ ನಂಬುತ್ತದೆ. ಕನ್ನಡದ ಪ್ರಾಚೀನ ಗದ್ಯಕೃತಿ 'ವಡ್ಡಾರಾಧನೆ'ಯಲ್ಲಿ ಭದ್ರಬಾಹುವಿನ ಕಥೆಯಿದೆ. ಒಂದು ಕಾಲಕ್ಕೆ ಬಿಜಾಪುರ ಜಿಲ್ಲೆಗೇ ಸೇರಿದ್ದು 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿರುವ ಬಾದಾಮಿ ಮತ್ತು ಐಹೊಳೆಗಳಲ್ಲಿ ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ಬಾದಾಮಿಯ ನಾಲ್ಕನೆಯ ಗುಹೆ ಜೈನರದು. ಐಹೊಳೆಯ ಮೇಗುಟಿ ಜಿನಾಲಯವನ್ನು 634ರಲ್ಲಿ ಕವಿ ರವಿಕೀರ್ತಿ ಕಟ್ಟಿಸಿದನು; ಅದೇ ಬೆಟ್ಟದ ಮೈಯಲ್ಲಿ ಎರಡು ಅಂತಸ್ತಿನ ಬೌದ್ಧ ಚೈತ್ಯವಿದೆ.

ಅಷ್ಟು ದೂರ ಹೋಗಲಾಗದವರು ಮಕ್ಕಳನ್ನು ವಿಜಯಪುರದಲ್ಲಿಯೇ ಕರೆದೊಯ್ಯಬಹುದು. ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ತೀರ್ಥಂಕರರ ಹಳೆಯ ಶಿಲ್ಪಗಳಿವೆ. ನಗರದ ದರ್ಗಾ ಪ್ರದೇಶದ ಬಸದಿಯಲ್ಲಿ ಸಹಸ್ರಫಣಿ ಪಾರ್ಶ್ವನಾಥನ ಮೂರ್ತಿಯಿದೆ. ಬಿಜ್ಜರಗಿಗೆ ಸಮೀಪದ ಬಾಬಾನಗರದಲ್ಲಿಯೂ ಪಾರ್ಶ್ವನಾಥ ಜಿನಾಲಯವಿದೆ. ಪೂಜ್ಯರು ಬಾಲ್ಯ ಕಳೆದ ಸೀಮೆಯ ನೆಲದಲ್ಲಿಯೇ ಶ್ರಮಣರ ಹೆಜ್ಜೆ ಗುರುತುಗಳಿವೆ.

ಮಾತು ಉಳಿಯದವರು

ಆರು ಗುರುಗಳಲ್ಲಿ ಒಬ್ಬನಾದ ಮಕ್ಖಲಿ ಗೋಸಾಲನ ಆಜೀವಿಕರು ಏನಾದರು? ಅವರೂ ಒಂದು ಕಾಲಕ್ಕೆ ಬಲಿಷ್ಠರು. ಅಶೋಕನು ಬಿಹಾರದ ಬರಾಬರ್ ಬೆಟ್ಟದಲ್ಲಿ ಕನ್ನಡಿಯಂತೆ ನುಣುಪಾದ ಗೋಡೆಗಳ ಗುಹೆಗಳನ್ನು ಅವರಿಗೆ ದಾನವಿತ್ತನು. ಅವನ ಮೊಮ್ಮಗ ದಶರಥನೂ ಹತ್ತಿರದ ನಾಗಾರ್ಜುನಿ ಬೆಟ್ಟದಲ್ಲಿ ಹಾಗೆಯೇ ಮಾಡಿದನು. ದಕ್ಷಿಣದಲ್ಲಿ, ಮುಖ್ಯವಾಗಿ ತಮಿಳು ಸೀಮೆಯಲ್ಲಿ, ಆಜೀವಿಕರು ಸುಮಾರು 14ನೆಯ ಶತಮಾನದವರೆಗೂ ಬಾಳಿದರು. ಆಮೇಲೆ ಕಾಣೆಯಾದರು.

ಅವರ ಒಂದು ಗ್ರಂಥವೂ ಇಂದು ಉಳಿದಿಲ್ಲ. ಗೋಸಾಲನು ಏನು ಹೇಳಿದನೆಂಬುದು ತಿಳಿಯುವುದು ಬೌದ್ಧ ಮತ್ತು ಜೈನ ಗ್ರಂಥಗಳಿಂದ, ಎಂದರೆ ಅವನನ್ನು ಒಪ್ಪದವರ ಬಾಯಿಂದ. ನೂಲಿನ ಉಂಡೆಯ ಹೋಲಿಕೆಯೂ ಹಾಗೆ ಬಂದದ್ದೇ. ಎರಡು ಸಾವಿರ ವರ್ಷಗಳ ಕಾಲ ಮನೆ ಬಿಟ್ಟು ನಡೆದ ಜನರ ಸ್ವಂತ ಮಾತು ಒಂದೂ ಇಲ್ಲ. ಅರಸನು ಕೊಟ್ಟ ಕಲ್ಲಿನ ಗುಹೆ ನಿಂತಿದೆ. ಅದರಲ್ಲಿ ಕುಳಿತವರು ಆಡಿದ ನುಡಿ ಹೋಗಿದೆ. ಸಾಧಕನು ತಾನು ಏನನ್ನೂ ಹೊರುವುದಿಲ್ಲ. ಅವನ ನುಡಿಯನ್ನು ಹೊರುವವರು ಇಲ್ಲವಾದರೆ ಅದು ಅವನೊಂದಿಗೇ ಮುಗಿಯುತ್ತದೆ. ಸ್ಮಾರಕ ಬೇಡವೆಂದ ಗುರುಗಳ ಭಕ್ತರು ಈ ಸಂಗತಿಯನ್ನು ಆಳವಾಗಿ ಯೋಚಿಸಬೇಕು.

ಮನೆಯನ್ನೇ ಸಾಧಕನನ್ನಾಗಿಸಿದವರು

12ನೆಯ ಶತಮಾನದ ಕನ್ನಡ ನಾಡಿನಲ್ಲಿ ಪಾಶುಪತರು, ಕಾಳಾಮುಖರು, ಜೈನ ಮುನಿಗಳು, ನಾನಾ ಬಗೆಯ ಸಂನ್ಯಾಸಿಗಳು ತುಂಬಿದ್ದರು. ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವೊಂದು ಆ ಕಾಲದ ಮಠದ ಚಿತ್ರವನ್ನು ಕೊಡುತ್ತದೆ. ಅಲ್ಲಿ ವೇದ, ವ್ಯಾಕರಣ, ನ್ಯಾಯ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನದ ವ್ಯಾಖ್ಯಾನವೂ ನಡೆಯುತ್ತಿತ್ತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಗಾಯಕರು, ವಾದ್ಯ ನುಡಿಸುವವರು, ಕ್ಷಪಣಕರು, ಏಕದಂಡಿ-ತ್ರಿದಂಡಿಗಳು, ಹಂಸ-ಪರಮಹಂಸರು ಎಲ್ಲರಿಗೂ ಅನ್ನವಿತ್ತು. ಕ್ಷಪಣಕರೆಂದರೆ ಜೈನ ಮುನಿಗಳು. ಶೈವ ಮಠವು ಅವರಿಗೂ ಬಾಗಿಲು ತೆರೆದಿತ್ತು.

ಎಲ್ಲ ಕಾಲದಲ್ಲಿಯೂ ಹೀಗೆಯೇ ಇತ್ತೆಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳಾಗುತ್ತದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು ಏಕಾಂತದ ರಾಮಯ್ಯನು ಜೈನರೊಡನೆ ಪಂಥ ಕಟ್ಟಿ ಗೆದ್ದುದನ್ನೂ ಜಿನಮೂರ್ತಿ ಭಂಗಗೊಂಡುದನ್ನೂ ವಿಜಯವೆಂಬಂತೆ ವರ್ಣಿಸುತ್ತದೆ. ಬಳ್ಳಿಗಾವಿ ಮತ್ತು ಅಬ್ಬಲೂರು ಎರಡೂ ಶಿವಭಕ್ತರ ಚರಿತ್ರೆಯೇ. ಯಾವುದನ್ನು ಮುಂದುವರಿಸಬೇಕೆಂಬುದನ್ನು ಪ್ರತಿ ತಲೆಮಾರೂ ತಾನೇ ಆರಿಸಿಕೊಳ್ಳಬೇಕಾಗುತ್ತದೆ.

ಈ ಕಾಲದಲ್ಲಿ ಬಸವನಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣಕ್ಕೆ ಬಂದರು. ಬಿಜ್ಜಳನ ಭಂಡಾರವೇ ಅವರ ಕೈಯಲ್ಲಿತ್ತು. ಆದರೂ ಆ ಕೈ ತನಗೆಂದು ಏನನ್ನೂ ಮುಟ್ಟಲಿಲ್ಲ. ಅವರಿಗೂ ಅವರ ಸಂಗಡಿಗರಿಗೂ ಹಳೆಯ ಏರ್ಪಾಡಿನಲ್ಲಿ ಒಂದು ಕೊರತೆ ಕಾಣಿಸಿತು. ಸಾಧಕನು ಅರಿವನ್ನು ಅರಸುತ್ತಾನೆ, ಗೃಹಸ್ಥನು ಅನ್ನವನ್ನಿಕ್ಕಿ ಪುಣ್ಯ ಪಡೆಯುತ್ತಾನೆ. ಆದರೆ ಅನ್ನ ಬೇಯಿಸುವವಳಿಗೆ ಅರಿವು ಬೇಡವೇ? ನೇಯುವವನು, ದೋಣಿ ನಡೆಸುವವನು, ಚಪ್ಪಲಿ ಹೊಲಿಯುವವನು ಇನ್ನೊಂದು ಜನ್ಮಕ್ಕೆ ಕಾಯಬೇಕೇ? ಶರಣರು ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಕಾಯಕವನ್ನೂ ದಾಸೋಹವನ್ನೂ ಸಾಧನೆಯೆಂದು ಸಾರಿ, ಬಾಗಿಲಲ್ಲಿ ನಿಂತ ಭಿಕ್ಷುವಿಗೂ ಒಳಗೆ ಒಲೆಯ ಮುಂದಿದ್ದ ಗೃಹಿಣಿಗೂ ಇದ್ದ ಅಂತರವನ್ನು ಅಳಿಸಿದರು.

ಇದರಿಂದ ಶರಣರು ತ್ಯಾಗವನ್ನು ತಿರಸ್ಕರಿಸಿದರೆಂದು ತಿಳಿಯಬಾರದು. ಅಲ್ಲಮಪ್ರಭುಗಳು ಊರೂರು ಅಲೆದವರು. ಅಕ್ಕಮಹಾದೇವಿಯು ಎಲ್ಲವನ್ನೂ ತೊರೆದು ಕದಳಿಯವರೆಗೆ ನಡೆದವಳು. ಅವರು ಒಪ್ಪದಿದ್ದದ್ದು ವೇಷವನ್ನು. ಮನಸ್ಸು ಬಿಡದೆ ಮನೆ ಮಾತ್ರ ಬಿಡುವುದನ್ನು. ಮನೆಯಲ್ಲಿದ್ದೂ ಬಿಡುವುದು ಹೇಗೆಂಬುದಕ್ಕೆ ಆಯ್ದಕ್ಕಿ ದಂಪತಿಗಳ ಕಥೆಯಿದೆ. ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮ ಸಂತೋಷಪಡಲಿಲ್ಲ. ಇದು ನಮ್ಮ ಪಾಲಿನದಲ್ಲ, ಮರಳಿ ಸುರಿದು ಬಾ ಎಂದಳು. ನಾಳೆಗೆ ಅನ್ನವನ್ನು ಇಟ್ಟುಕೊಳ್ಳದ ಭಿಕ್ಷುವಿನ ವ್ರತವು ಇಲ್ಲಿ ಒಂದು ಬಡ ಸಂಸಾರದ ವ್ರತವಾಗಿದೆ. ಕಿಸೆಯಿಲ್ಲದ ಅಂಗಿಯನ್ನು ಒಂದು ಮನೆಗೆ ಹೊಲಿದರೆ ಅದು ಲಕ್ಕಮ್ಮನ ಮನೆಯಾಗುತ್ತದೆ.

ಶರಣರ ನುಡಿ ಉಳಿದದ್ದೂ ಮನೆಗಳಿಂದ. ಕಲ್ಯಾಣದ ವಿಪ್ಲವದ ನಂತರ ವಚನಗಳು ತಾಳೆಗರಿಯ ಕಟ್ಟುಗಳಾಗಿ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಸೇರಿಕೊಂಡವು. ಎಷ್ಟೋ ಕಡೆ ಓದಲು ಬಾರದವರೂ ಅವುಗಳಿಗೆ ವಿಭೂತಿ ಹಚ್ಚಿ ಪೂಜಿಸುತ್ತ ಕಾಪಾಡಿದರು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ರಬಕವಿಯ ಒಂದು ಮನೆಯಲ್ಲಿ ಅಂಥ ಕಟ್ಟುಗಳು ಯುವ ವಕೀಲ ಫ.ಗು. ಹಳಕಟ್ಟಿಯವರ ಕಣ್ಣಿಗೆ ಬಿದ್ದವು. ವಿಜಯಪುರದಲ್ಲಿ ನೆಲೆಸಿದ ಅವರು ತಮ್ಮ ಗಳಿಕೆಯನ್ನೆಲ್ಲ ಆ ಕೆಲಸಕ್ಕೆ ಸುರಿದರು. 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂದಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭವಾದವು. 1964ರಲ್ಲಿ ಕಣ್ಮುಚ್ಚಿದಾಗ ಅವರ ಬಳಿ ಉಳಿದದ್ದು ಅಚ್ಚಾದ ವಚನಗಳ ಸಂಪತ್ತು. ಹಳಕಟ್ಟಿಯವರ ಅಂಗಿಗೆ ಕಿಸೆಯಿದ್ದಿರಬಹುದು. ಅದರಲ್ಲಿ ಏನೂ ನಿಲ್ಲಲಿಲ್ಲ.

ಆಜೀವಿಕರಿಗೆ ಇಂಥ ಮನೆಗಳು ಸಿಗಲಿಲ್ಲ, ಶರಣರಿಗೆ ಸಿಕ್ಕವು.

ಮಕ್ಕಳಿಗೆ ಕೊಡಬೇಕಾದ ಉತ್ತರ

ಈಗ ಮಗುವಿನ ಪ್ರಶ್ನೆಗೆ ಮರಳಬಹುದು. ಅಜ್ಜನವರ ಅಂಗಿಗೆ ಕಿಸೆ ಏಕೆ ಇರಲಿಲ್ಲ? ಗಾಳಿಯ ದಾರಿಯ ಮುನಿಗೆ ಇರಲಿಲ್ಲ. ಆನೆ-ಕುದುರೆಗಳನ್ನು ಒಲ್ಲೆನೆಂದ ನಚಿಕೇತನಿಗೆ ಬೇಕಾಗಲಿಲ್ಲ. ಬೊಗಸೆಯಲ್ಲಿ ಉಣ್ಣುವ ದಿಗಂಬರನಿಗೂ ಪಾತ್ರೆ ಹಿಡಿದ ಭಿಕ್ಷುವಿಗೂ ಇರಲಿಲ್ಲ. ಅವರೆಲ್ಲರ ಹಿಂದೆ ನಡೆದ ಪೂಜ್ಯರಿಗೂ ಇರಲಿಲ್ಲ. ಇವರ ಉತ್ತರಗಳು ಬೇರೆ ಬೇರೆ. ಇಟ್ಟುಕೊಳ್ಳದಿರುವ ನಡೆ ಒಂದೇ. ಪೂಜ್ಯರ ಪ್ರವಚನಗಳಲ್ಲಿ ಉಪನಿಷತ್ತೂ ಪತಂಜಲಿಯ ಯೋಗಸೂತ್ರವೂ ಅಲ್ಲಮಪ್ರಭುಗಳ ವಚನವೂ ಒಂದೇ ಸಾಲಿನಲ್ಲಿ ಕುಳಿತುಕೊಂಡದ್ದು ಆಕಸ್ಮಿಕವಲ್ಲ.

ಎರಡನೆಯ ಪ್ರಶ್ನೆಯನ್ನು ಮಗು ಕೇಳದಿದ್ದರೂ ಹಿರಿಯರು ಹೇಳಬೇಕು. ಕಿಸೆಯಿಲ್ಲದವರು ತಾವು ಪಡೆದ ಅರಿವನ್ನು ಎಲ್ಲಿಟ್ಟು ಹೋದರು? ಕೇಳಿದವರ ಮನೆಗಳಲ್ಲಿ. ಅದು ಅಲ್ಲಿ ಉಳಿಯಬೇಕಾದರೆ ಮನೆಯಲ್ಲಿ ನಿತ್ಯ ಒಂದು ವಚನದ ಓದು ನಡೆಯಬೇಕು, ಬಾಗಿಲಿಗೆ ಬಂದವನಿಗೆ ಒಂದು ತುತ್ತು ಸಿಗಬೇಕು, ಇನ್ನೊಬ್ಬರ ದಾರಿಯ ಬಗೆಗೆ ನಾಲಗೆ ಹಿಡಿತದಲ್ಲಿರಬೇಕು. ಕೈಗೆ ಹೆಚ್ಚು ಬಂದ ದಿನ ಲಕ್ಕಮ್ಮನ ನೆನಪಾಗಬೇಕು.

ತಿಕೋಟಾದಲ್ಲಿ ದ್ರಾಕ್ಷಿಯ ಸುಗ್ಗಿ ಮುಗಿದು ಹಣ ಕೈಗೆ ಬಂದಾಗ, ಬಬಲೇಶ್ವರದ ಕಣದಲ್ಲಿ ಜೋಳದ ರಾಶಿ ಬಿದ್ದಾಗ, ಒಂದು ಪಾಲನ್ನು ಮಗುವಿನ ಕೈಯಿಂದಲೇ ದಾಸೋಹಕ್ಕೆ ತೆಗೆದಿರಿಸಲಿ. ಅದೇಕೆಂದು ಮಗು ಕೇಳಿದರೆ, ಕಿಸೆಯಿಲ್ಲದ ಅಂಗಿಯ ಕಥೆಯನ್ನು ಮೊದಲಿನಿಂದ ಹೇಳಲು ಅದೇ ಸರಿಯಾದ ಸಮಯ.